ಕರಾಟೆನಾ, ಕುಸ್ತಿನಾ, ಬಾಕ್ಸಿಂಗಾ? ಫೀ ಕಟ್ಟೋಕಿಂತ ಮೊದಲ ಇಷ್ಟು ನೋಡ್ಕೋರಿ

ಏಪ್ರಿಲ್ ಬಂತಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದಾಗ ಕರೆಂಟ್ ಕಂಬಕ್ಕೆಲ್ಲ ಸಮ್ಮರ್ ಕ್ಯಾಂಪಿನ ಬೋರ್ಡ್ ಬೀಳ್ತಾವ, ಕರಾಟೆ, ಟೇಕ್ವಾಂಡೋ, ಕಿಕ್ ಬಾಕ್ಸಿಂಗ್, ಕುಂಗ್ ಫೂ ಅಂತ, ಗದಗ ಹಾವೇರಿ ಕಡೆಗೂ ಈಗ ಹಂಗ ಆಗೈತಿ. ಅವಾಗ ಎಲ್ಲಾರೂ ಕೇಳೋದು ಒಂದ ಪ್ರಶ್ನಿ, ಇದರಾಗ ಯಾವುದು ಬೆಸ್ಟ್ ರೀ ಅಂತ. ನಾ ಏನ್ ಹೇಳ್ತೀನಂದ್ರ ಅದನ್ನ ಆಮ್ಯಾಲೆ ಕೇಳ್ರಿ, ಮೊದಲ ಇದನ್ನ ಕೇಳ್ರಿ: ಈ ಕ್ಲಾಸಿನಾಗ ಎದುರಿಗೆ ನಿಂತಾಂವ ಖರೇನ ತಪ್ಪಿಸ್ಕೊಳ್ಳಾಕ, ತಿರುಗಿ ಹಿಡಿಯಾಕ ನೋಡ್ತಾನೋ, ಇಲ್ಲಾ ಸುಮ್ನ ಕೈ ಕೊಟ್ಟು ನಿಂತಿರ್ತಾನೋ? ಇದೊಂದು ಗೊತ್ತಾತಂದ್ರ ಮುಕ್ಕಾಲು ಪಾಲು ಆಯ್ಕೆ ತಾನ ಆಗತೈತಿ.

ಯಾಕ ಹಿಂಗ ಹೇಳ್ತೀನಂದ್ರ, 1993ರಾಗ ಅಮೆರಿಕಾದ ಡೆನ್ವರ್‌ನಾಗ ಯುಎಫ್‌ಸಿ ಅಂತ ಮೊದಲ ಸಲ ಕಾಂಪಿಟಿಶನ್ ಮಾಡಿದ್ರು, ಬಾಕ್ಸರ್, ಕಿಕ್ ಬಾಕ್ಸರ್, ಕರಾಟೆದಾಂವ, ಸುಮೋದಾಂವ ಎಲ್ಲಾರನ್ನೂ ಒಂದ ಕಣಕ್ಕ ಬಿಟ್ಟು ಯಾವ ಸ್ಟೈಲ್ ಗೆಲ್ಲತೈತಿ ನೋಡೋಣಂತ. ಗೆದ್ದಾಂವ ಬ್ರೆಜಿಲಿನ ರಾಯ್ಸ್ ಗ್ರೇಸಿ, ಉಳಿದವರ ಮುಂದ ಮೈಕಟ್ಟಿನ್ಯಾಗ ಸಣ್ಣಾಂವ, ಬಂದವರನ್ನ ನೆಲಕ್ಕ ಕೆಡವಿ, ಮ್ಯಾಲೆ ಕುಂತು, ಕುತ್ತಿಗಿ ಅಮುಕಿ ಸೋಲು ಒಪ್ಪಿಸಿದ. ಆವತ್ತಿಗೆ ಅಲ್ಲಿದ್ದ ಬಹುತೇಕ ಮಂದಿಗೆ ನೆಲದ ಮ್ಯಾಲೆ ಬಿದ್ದ ಮ್ಯಾಲೆ ಏನ್ ಮಾಡ್ಬೇಕು ಅನ್ನೋದ ಗೊತ್ತಿರಲಿಲ್ಲ. ಮುಂದ ಕೆಲವು ವರ್ಷದಾಗ ಎಲ್ಲಾರೂ ಅದನ್ನ ಕಲ್ತ್ರು, ಕುಸ್ತಿಯವರೂ ಕಿಕ್ ಬಾಕ್ಸರ್‌ಗಳೂ ಗೆಲ್ಲಾಕ ಶುರು ಮಾಡಿದ್ರು. ಅಂದ್ರ ಯಾವ ವಿದ್ಯೆನ ಆಗಲಿ, ದಿನಾ ಏನು ಪ್ರಾಕ್ಟೀಸ್ ಮಾಡಸತೈತೋ ಅದರಾಗ ಗಟ್ಟಿ, ಮಾಡಸದ ಇದ್ದದ್ದರಾಗ ಹಸಿ.

ಮೊದಲನೇದ್ದು: ಯಾಕ ಕಲೀಬೇಕು ಅನ್ನೋದನ್ನ ಖರೇ ಹೇಳ್ಕೋರಿ

ಒಂದ ಮನಿಯಾಗ ನಾಕು ಮಂದಿಗೆ ನಾಕು ಕಾರಣ ಇರತಾವ. ಸಣ್ಣಾಂವಗ ಮೊಬೈಲ್ ಬಿಡಿಸಿ ಮೈ ಬೆವರಿಸಬೇಕು, ದೊಡ್ಡ ಮಗಳು ಟ್ಯೂಶನ್ ಮುಗಿಸಿ ಕತ್ತಲಾದ ಮ್ಯಾಲೆ ಬಸ್ ಹಿಡಿದು ಬರತಾಳ ಅನ್ನೋ ಚಿಂತಿ, ಅಪ್ಪಗ ಹೊಟ್ಟಿ ಕರಗಸಬೇಕು, ಕಾಲೇಜಿಗೆ ಹೋಗೋ ಕಾಕಾನ ಮಗಗ ಸ್ಟೇಟ್ ಲೆವೆಲ್ ಆಡಿ ಸ್ಪೋರ್ಟ್ಸ್ ಕೋಟಾದಾಗ ಏನರ ಆಗತೈತೇನಂತ. ನಾಕಕ್ಕೂ ಒಂದ ಉತ್ತರ ಇಲ್ಲ.

ಬರೇ ಮೈ ಸುಧಾರಸಬೇಕು ಅಂದ್ರ ಮನಿಗೆ ಸಮೀಪ ಇರೋದು, ನಿಮಗ ಖುಷಿ ಕೊಡೋದು ಯಾವುದಾದ್ರೂ ಆಗತೈತಿ, ಇದರಾಗ ಜಾಸ್ತಿ ತಲಿ ಕೆಡಿಸ್ಕೋಬ್ಯಾಡ್ರಿ. ಮೆಡಲ್ ಬೇಕಂದ್ರ ಮಾತ್ರ ಕಣ್ಣು ತೆಗದು ನೋಡ್ಬೇಕು. ಒಲಿಂಪಿಕ್ಸಿನಾಗ ಕುಸ್ತಿ, ಬಾಕ್ಸಿಂಗ್, ಜೂಡೋ, ಟೇಕ್ವಾಂಡೋ ಅದಾವ. ಜೂಡೋ ಮೊದಲ ಬಂದದ್ದು 1964ರಾಗ, ಟೇಕ್ವಾಂಡೋ ಮೆಡಲ್ ಆಟ ಆಗಿ 2000ದ ಸಿಡ್ನಿಯಿಂದ. ಕರಾಟೆ ಬಂದದ್ದು ಟೋಕಿಯೋದಾಗ ಒಂದ ಸಲ, 2024ರ ಪ್ಯಾರಿಸ್‌ನಾಗ ಇರಲಿಲ್ಲ. ಇದು ಕರಾಟೆಗೆ ಕಮ್ಮಿ ಅಂತ ಹೇಳೋ ಮಾತಲ್ಲ, ಕೋಟಾ ಅಂತ ನಂಬಿ ವರ್ಷಗಟ್ಟಲೆ ಕಳಿಯೋಕಿಂತ ಮೊದಲ ಆ ನೌಕರಿ ಇಲ್ಲಾ ಆ ಕೋರ್ಸಿನ ನೋಟಿಫಿಕೇಶನ್‌ನಾಗ ಯಾವ ಆಟ ಹಾಕ್ಯಾರ, ಯಾವ ಲೆವೆಲ್ಲಿನ ಸರ್ಟಿಫಿಕೇಟ್ ಕೇಳ್ಯಾರ ಅನ್ನೋದನ್ನ ನೀವ ಓದ್ಕೋರಿ, ಮಾಸ್ಟರ್ ಬಾಯಿಮಾತಿನ ಮ್ಯಾಲೆ ಹೋಗಬ್ಯಾಡ್ರಿ ಅಂತ.

ಆತ್ಮರಕ್ಷಣೆಗೆ ಅಂತಿದ್ರ ಇನ್ನೊಂದು ಮಾತು. ಬೀದಿಯಾಗ ಯಾರೂ ಮೂರು ಫೂಟ್ ದೂರ ನಿಂತು ನಮಸ್ಕಾರ ಮಾಡಿ ಶುರು ಮಾಡಂಗಿಲ್ಲ. ಕೈ ಹಿಡೀತಾರ, ಜಡಿ ಹಿಡೀತಾರ, ಗ್ವಾಡಿಗೆ ಒತ್ತತಾರ, ನೂಕಿ ಬೀಳಸತಾರ. ಅದಕ್ಕ ಹಿಡಿದಾಗ ಬಿಡಿಸ್ಕೊಳ್ಳೋದು, ಬಿದ್ದಾಗ ಎದ್ದು ನಿಲ್ಲೋದು, ಮುಖದ ಕಡೆ ಏಟು ಬಂದಾಗ ಕಣ್ಣು ಮುಚ್ಚದ ಇರೋದು, ಈ ಮೂರನ್ನ ಕಲಸದ ಕ್ಲಾಸು ಆತ್ಮರಕ್ಷಣೆ ಅಂತ ಬೋರ್ಡ್ ಹಾಕಿದ್ರ ನಂಬಬ್ಯಾಡ್ರಿ.

ಎರಡನೇದ್ದು: ಸ್ಟೈಲಿನ ಹೆಸರು ಬಿಟ್ಟು ಎಷ್ಟು ದೂರದಿಂದ ಆಡ್ತಾರ ನೋಡ್ರಿ

ಎಲ್ಲಾ ವಿದ್ಯೆನೂ ದೂರದ ಲೆಕ್ಕದಾಗ ಹೋಲಿಸಿ ನೋಡಿದ್ರ ಸಲೀಸು ತಿಳೀತೈತಿ. ಕಾಲು ತಾಗೋ ದೂರ, ಕೈ ತಾಗೋ ದೂರ, ತೆಕ್ಕಿ ಬಿದ್ದ ದೂರ, ಆಮ್ಯಾಲೆ ನೆಲ.

ಟೇಕ್ವಾಂಡೋ ಮುಖ್ಯ ಕಾಲಿನ ಆಟ, ಕೊರಿಯಾದ್ದು. ಒಲಿಂಪಿಕ್ ರೂಲ್ಸಿನಾಗ ಮುಖಕ್ಕ ಪಂಚ್ ಹೊಡಿಯೋಹಂಗಿಲ್ಲ, ಹಂಗಾಗಿ ಬರೇ ಅದನ್ನ ಆಡಿದ ಹುಡುಗೂರು ಕೈ ಕೆಳಗ ಬಿಟ್ಟು ನಿಲ್ಲೋ ರೂಢಿ ಮಾಡ್ಕೊಂಡಿರ್ತಾರ, ಆದ್ರ ಕಾಲಿನ ಸ್ಪೀಡು, ದೂರದ ಅಂದಾಜು ಅವರಿಗೆ ಬಂದಂಗ ಬ್ಯಾರೆಯವರಿಗೆ ಬರೋದು ಕಷ್ಟ.

ಕರಾಟೆ ಓಕಿನಾವಾದಿಂದ ಬಂದದ್ದು. ನಮ್ಮ ಕಡೆ ಬೋರ್ಡಿನ ಮ್ಯಾಲೆ ಶೋಟೋಕಾನ್, ಗೋಜು ರ್ಯೂ, ಶಿಟೋ ರ್ಯೂ, ವಾಡೋ ರ್ಯೂ ಅಂತ ಬರದಿರ್ತಾರ, ಈ ನಾಕೂ ದೊಡ್ಡ ಮನೆತನ ಇದ್ದಂಗ. ಶೋಟೋಕಾನ್ ಗಿಚಿನ್ ಫುನಾಕೋಶಿಯವರದ್ದು, ಉದ್ದ ಹೆಜ್ಜಿ ಹಾಕಿ ನೇರ ಹೋಗೋದು. ಗೋಜು ಸಮೀಪದಿಂದ, ಉಸಿರಾಟಕ್ಕ ಮಹತ್ವ ಕೊಡತೈತಿ. ಶಿಟೋದಾಗ ಕಾತಾ, ಅಂದ್ರ ಒಬ್ಬರ ಮಾಡೋ ಗೊತ್ತುಮಾಡಿದ ವರಸಿ, ಭಾಳ. ವಾಡೋದಾಗ ಜಪಾನಿನ ಹಳೇ ಜುಜುತ್ಸು ಕೂಡೇತಿ. ಹೊಸದಾಗಿ ಸೇರೋರಿಗೆ ಇವುಗಳ ನಡುವಿನ ಫರಕು ಮೊದಲ ಎರಡು ವರ್ಷ ಏನೂ ಅನಿಸಂಗಿಲ್ಲ. ಅದಕ್ಕಿಂತ ನೋಡ್ಬೇಕಾದ್ದು ಕಿಹೋನ್ (ಮೂಲ ಏಟು, ಹೆಜ್ಜಿ), ಕಾತಾ, ಕುಮಿತೆ (ಎದುರಾಳಿ ಜೋಡಿ ಆಡೋದು) ಈ ಮೂರಕ್ಕೂ ಕ್ಲಾಸಿನಾಗ ಟೈಮ್ ಐತೇನು ಅಂತ. ಭಾಳ ಕಡೆ ಕುಮಿತೆ ಅಂದ್ರ ಟೂರ್ನಮೆಂಟಿನ ಹಿಂದಿನ ವಾರ ಅಷ್ಟ. ಕ್ಯೋಕುಶಿನ್ ಅನ್ನೋದು ಮಸುತಾತ್ಸು ಓಯಾಮ ಕಟ್ಟಿದ್ದು, ಅದರಾಗ ಮೈಗೆ ಕಾಲಿಗೆ ಪೂರ್ತಿ ಜೋರಿನಿಂದ ಹೊಡೀತಾರ, ಮುಖಕ್ಕ ಮುಷ್ಟಿ ಇಲ್ಲ, ಏಟು ತಡಕೊಳ್ಳೋ ಗಟ್ಟಿತನ ಬರತೈತಿ.

ಬಾಕ್ಸಿಂಗ್‌ನಾಗ ಕಲಿಯೋದು ಕಮ್ಮಿ, ಕೆಲಸ ಜಾಸ್ತಿ. ನಾಕೈದು ಪಂಚು, ಹೆಜ್ಜಿ, ತಲಿ ಅಲುಗಸೋದು, ಅಷ್ಟನ್ನ ಸಾವಿರ ಸಲ. ಆರು ತಿಂಗಳದಾಗ ಖರೇ ಉಪಯೋಗಕ್ಕ ಬರೋದು ಬೇಕಂದ್ರ ಹೊಡೆತದ ವಿದ್ಯೆದಾಗ ನಾನು ಮೊದಲ ಹೇಳೋದು ಇದನ್ನ. ಥಾಯ್ಲೆಂಡಿನ ಮುಯ್ ಥಾಯ್ ಅದಕ್ಕ ಮೊಣಕೈ, ಮೊಣಕಾಲು, ಒದಿಯೋದು, ಕುತ್ತಿಗಿ ಹಿಡಿಯೋದು ಕೂಡಸತೈತಿ.

ಜೂಡೋ 1882ರಾಗ ಜಿಗೋರೋ ಕಾನೋ ಟೋಕಿಯೋದಾಗ ಕೊಡೋಕಾನ್ ಅಂತ ಶುರು ಮಾಡಿದ್ದು, ಅಂಗಿ ಹಿಡಿದು ಎತ್ತಿ ಒಗಿಯೋದು, ನೆಲದ ಮ್ಯಾಲೆ ಒತ್ತಿ ಹಿಡಿಯೋದು. ಅದರಾಗ ಮೊಟ್ಟಮೊದಲ ಕಲಸೋದು ಉಕೆಮಿ, ಅಂದ್ರ ಬೀಳೋದು. ಬಿದ್ದಾಗ ತಲಿ ನೆಲಕ್ಕ ಬಡಿಯದಂಗ ಗದ್ದ ಎದಿಗೆ ಹಚ್ಚಿ, ಕೈಯಿಂದ ನೆಲ ಹೊಡಿಯೋದು. ಇದೊಂದು ವಿದ್ಯೆ ಮನುಷ್ಯಾಗ ಜಗಳದಾಗಿಂತ ಬಚ್ಚಲದಾಗ, ಗಾಡಿ ಸ್ಲಿಪ್ ಆದಾಗ, ಮಳಿಗಾಲದಾಗ ಧಾರವಾಡದ ಪಾಚಿ ಕಟ್ಟಿದ ಮೆಟ್ಟಲ ಮ್ಯಾಲೆ ಜಾಸ್ತಿ ಉಪಯೋಗ ಬೀಳತೈತಿ, ಅದಕ್ಕ ನನ್ನ ಮಟ್ಟಿಗೆ ಸಣ್ಣ ಹುಡುಗೂರಿಗೆ ಯಾವ ಸ್ಟೈಲಿಗೆ ಹಾಕಿದ್ರೂ ಬೀಳೋದು ಕಲಸದ ಕ್ಲಾಸು ಬ್ಯಾಡ. ಬ್ರೆಜಿಲಿಯನ್ ಜಿಯು ಜಿತ್ಸು ಈ ಜೂಡೋದಿಂದನ ಹುಟ್ಟಿದ್ದು, ನೆಲದ ಮ್ಯಾಲಿನ ಆಟನ ಮುಖ್ಯ.

ಕಳರಿಪಯಟ್ಟು ಕೇರಳದ್ದು. ಮೊದಲ ಮೈ ಸಾಧನೆ, ಆಮ್ಯಾಲೆ ಕೋಲು, ಆಮ್ಯಾಲೆ ಲೋಹದ ಆಯುಧ, ಹಿಂಗ ಮೆಟ್ಟಲ ಮೆಟ್ಟಲ ಹೋಗತೈತಿ. ಮೈ ಮಣಿಸೋದಕ್ಕ, ಒಂದು ಹಳೇ ವಿದ್ಯೆನ ಪೂರ್ತಿ ಕಲಿಯೋ ಆಸೆಗೆ ಭಾಳ ಚೊಲೊ, ನಮ್ಮ ಜಿಲ್ಲಾದಾಗ ಗುರುಗಳು ಸಿಗೋದ ಕಷ್ಟ. ಕುಂಗ್ ಫೂ ಅಂತ ಬೋರ್ಡ್ ಇದ್ರ ವುಶು ಕಲಸ್ತೀರೇನ್ರಿ ಅಂತ ಕೇಳ್ರಿ, ಅದರಾಗ ತಾವೋಲು ಅಂದ್ರ ಒಬ್ಬರ ಮಾಡಿ ತೋರ್ಸೋದು, ಸಾಂಡಾ ಅಂದ್ರ ಎದುರಾಳಿ ಜೋಡಿ ಆಡೋದು.

ಗರಡಿ ಮನಿ ಮರೀಬ್ಯಾಡ್ರಿ

ಇದರ ಬಗ್ಗೆ ಸ್ವಲ್ಪ ಜಾಸ್ತಿನ ಬರೀತೀನಿ, ಯಾಕಂದ್ರ ಮಾರ್ಷಲ್ ಆರ್ಟ್ ಅಂತ ಗೂಗಲ್ ಮಾಡಿದ್ರ ನಮ್ಮ ಗರಡಿ ಮನಿ ಬರಂಗಿಲ್ಲ. ಹಳೇ ಹುಬ್ಬಳ್ಳಿ ಓಣಿಗಳಾಗ, ಧಾರವಾಡದ ಹಳೇ ಭಾಗದಾಗ, ಗದಗ-ಬೆಟಗೇರಿ ಕಡೆ, ಹಾವೇರಿ ಜಿಲ್ಲಾದ ಹಳ್ಳಿಗಳಾಗ ಇನ್ನೂ ಮಣ್ಣು ಹದ ಮಾಡ್ಕೊಂಡು ನಡಸೋ ಉಸ್ತಾದ್ರು ಅದಾರ. ಕುಸ್ತಿ ಅಂದ್ರ ಪೂರ್ತಿ ಜೋರು ಹಾಕಿ, ಪೂರ್ತಿ ವಿರೋಧ ಮಾಡೋ ಆಳಿನ ಜೋಡಿ, ದಿನಾ ಆಡೋ ವಿದ್ಯೆ. ನಾನು ಮ್ಯಾಲೆ ಕೇಳಿದ ಪ್ರಶ್ನಿಗೆ ಇದಕ್ಕಿಂತ ನೇರ ಉತ್ತರ ಕೊಡೋ ಕ್ಲಾಸ್ ನಮ್ಮ ಕಡೆ ಇಲ್ಲ, ಅದೂ ತಿಂಗಳ ಫೀ ಅಂತ ಏನೂ ಇಲ್ಲದ, ಇಲ್ಲಾ ಹೆಸರಿಗಷ್ಟ ಇದ್ದು.

ಮಣ್ಣು ಅಂದ್ರ ಬರೇ ಮಣ್ಣಲ್ರಿ, ಕೆಂಪು ಮಣ್ಣು ಸೋಸಿ ಅದಕ್ಕ ಅರಿಶಿಣ, ಎಣ್ಣಿ, ಮಜ್ಜಿಗಿ, ಲಿಂಬಿಹಣ್ಣು ಹಾಕಿ ಹದ ಮಾಡಿರ್ತಾರ. ದಿನಾ ಗುದ್ದಲಿ ತಗೊಂಡು ಅದನ್ನ ಅಗದು ಮೆತ್ತಗ ಮಾಡೋದ ಮೊದಲನೇ ವ್ಯಾಯಾಮ. ಆಮ್ಯಾಲೆ ದಂಡ, ಬೈಠಕ್, ಗದೆ ತಿರುವೋದು, ಹಗ್ಗ ಹತ್ತೋದು. ಹನುಮಪ್ಪಗ ಕೈ ಮುಗದು, ಮಣ್ಣು ಹಣಿಗೆ ಹಚ್ಚಿ ಇಳಿಯೋದು. ಘಿಸ್ಸಾ, ಢಾಕ, ಕಲಾಜಂಗ, ಧೋಬಿ, ಏಕಲಂಗಿ ಅಂತ ಪಟ್ಟುಗಳ ಹೆಸರು ಕೇಳಿದ್ರ ಗೊತ್ತಾಗತೈತಿ ಇದು ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಧಾರವಾಡ ಎಲ್ಲಾ ಕೂಡಿ ಬೆಳಸಿದ್ದಂತ.

ಸೇರೋದು ಹೆಂಗಂದ್ರ, ಮುಂಜಾನೆ ಐದೂವರಿ ಆರರ ಸುಮಾರಿಗೆ ಇಲ್ಲಾ ಸಂಜಿಕ್ಕ ಹೋಗ್ರಿ, ಚಪ್ಪಲಿ ಹೊರಗ ಬಿಡ್ರಿ, ಹುಡುಗನ್ನ ಜೋಡಿ ಕರಕೊಂಡು ಹೋಗಿ ನೇರ ಹೇಳ್ರಿ, "ಉಸ್ತಾದ್ರ, ಹುಡುಗನ್ನ ಮಣ್ಣಿಗೆ ಇಳಸಬೇಕಂತ ಬಂದೀವ್ರಿ." ಚೊಲೊ ಉಸ್ತಾದ್ರು ಆಗಿದ್ರ ಅವತ್ತ ಕುಸ್ತಿ ಹಿಡಿಸಂಗಿಲ್ಲ, "ಇರಲಿ ತಗೋ ತಮ್ಮಾ, ಮೊದಲ ಒಂದೆರಡು ತಿಂಗಳು ಬೈಠಕ್ ಹೊಡಿ, ಮೈ ಹದ ಆಗಲಿ" ಅಂತಾರ. ಹಂಗ ಅಂದ್ರ ಖುಷಿ ಪಡ್ರಿ.

ಗರಡಿಯಾಗ ಕೊರತಿನೂ ಅದಾವ, ಅವನ್ನೂ ಹೇಳಬೇಕು. ಪಾಠ ಮೆಟ್ಟಲ ಮೆಟ್ಟಲ ಇರಂಗಿಲ್ಲ, ನೋಡಿ ಕಲಿಯೋದ ಜಾಸ್ತಿ, ಬಿದ್ದು ಬಿದ್ದು ತಿಳೀಬೇಕು. ಹೊಡೆತದ ಅಭ್ಯಾಸ ಇರಂಗಿಲ್ಲ. ಹುಡುಗ್ಯಾರಿಗೆ ಮಣ್ಣಿನ ಗರಡಿಯಾಗ ಭಾಳ ಕಡೆ ಜಾಗಾ ಇಲ್ಲ, ಅವರು ಮ್ಯಾಟ್ ಇರೋ ಸೆಂಟರ್ ನೋಡ್ಬೇಕು. ಮಹಿಳಾ ಕುಸ್ತಿ 2004ರಿಂದ ಒಲಿಂಪಿಕ್ಸಿನಾಗ ಐತಿ, 2016ರಾಗ ಸಾಕ್ಷಿ ಮಲಿಕ್ ಬ್ರಾಂಜ್ ತಂದಾರ. ಇನ್ನೊಂದು, ಜಾತ್ರಿ ಕುಸ್ತಿ ಬ್ಯಾರೆ, ಮ್ಯಾಟ್ ಕುಸ್ತಿ ಬ್ಯಾರೆ. ಜಾತ್ರಿಯಾಗ ಬೆನ್ನು ಮಣ್ಣಿಗೆ ಹತ್ತೋತನಕ ಆಟ, ಮ್ಯಾಟಿನ ಮ್ಯಾಲೆ ಮೂರು ಮೂರು ನಿಮಿಷದ ಎರಡು ರೌಂಡು, ಪಾಯಿಂಟ್ ಲೆಕ್ಕ. ಫ್ರೀಸ್ಟೈಲ್‌ನಾಗ ಕಾಲು ಹಿಡೀಬಹುದು, ಗ್ರೀಕೋ ರೋಮನ್‌ನಾಗ ಸೊಂಟದ ಕೆಳಗ ಮುಟ್ಟೋಹಂಗಿಲ್ಲ. ಕರಾಡದ ಹತ್ತಿರದ ಹಳ್ಳಿ ಪೈಲ್ವಾನ ಖಾಶಾಬಾ ಜಾಧವ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಮ್ಯಾಟೂ ಹೊಸದು, ರೂಲ್ಸೂ ಹೊಸವು, ಆರನೇ ಸ್ಥಾನ ಬಂತು. ನಾಕು ವರ್ಷ ಅದನ್ನ ಕಲ್ತು 1952ರಾಗ ಹೆಲ್ಸಿಂಕಿಯಾಗ ಬ್ರಾಂಜ್ ಹೊಡದ್ರು, ಸ್ವತಂತ್ರ ಭಾರತದ ಮೊದಲನೇ ವೈಯಕ್ತಿಕ ಒಲಿಂಪಿಕ್ ಮೆಡಲ್ ಅದು. ಹಂಗಾಗಿ ಮಗನಿಗೆ ಸ್ಟೇಟ್, ನ್ಯಾಷನಲ್ ಆಡೋ ಆಸೆ ಇದ್ರ ಮಣ್ಣಿನ್ಯಾಗ ಶುರು ಮಾಡ್ರಿ, ಹದಿಮೂರು ಹದಿನಾಲ್ಕರ ಹೊತ್ತಿಗೆ ಮ್ಯಾಟಿಗೆ ಹತ್ತಿಸ್ರಿ.

ಮೂರನೇದ್ದು: ಫೀ ಕಟ್ಟದ ಒಂದು ಪೂರ್ತಿ ಕ್ಲಾಸ್ ಕುಂತು ನೋಡ್ರಿ

ಡೆಮೋ ದಿನ ಹೋಗಬ್ಯಾಡ್ರಿ, ಅದು ತೋರಸಾಕಂತ ಮಾಡಿದ್ದು. ಹೇಳದ ಕೇಳದ ಒಂದು ಸಾದಾ ಮಂಗಳವಾರ ಬುಧವಾರ ಹೋಗಿ ಮೂಲ್ಯಾಗ ಕುಂದ್ರರಿ. ಪಾಲಕರು ಕುಂತು ನೋಡೋಹಂಗಿಲ್ಲ ಅಂತ ಯಾರರ ಅಂದ್ರ ಅಲ್ಲೇ ಎದ್ದು ಬರ್ರಿ, ಬಾಗಲ ಹಾಕಿ ಸಣ್ಣ ಮಕ್ಕಳಿಗೆ ಕಲಸೋ ವಿದ್ಯೆ ಯಾವುದೂ ಇಲ್ಲ. ಮಕ್ಕಳ ಜೋಡಿ ಏನರ ತಪ್ಪು ನಡದದ್ದು ಕಂಡ್ರ 1098 ಚೈಲ್ಡ್ ಲೈನ್ ಐತಿ, ಮಾಸ್ಟರ್ ದೊಡ್ಡ ಮನುಷ್ಯ ಅಂತ ಸುಮ್ನ ಇರಬ್ಯಾಡ್ರಿ.

ಏನ್ ನೋಡ್ಬೇಕಂದ್ರ, ಮೊದಲ ಗಡಿಯಾರ. ಒಂದು ತಾಸಿನ ಕ್ಲಾಸಿನಾಗ ಇಬ್ಬರಿಬ್ಬರು ಎದುರಾಎದುರು ನಿಂತು ಕೆಲಸ ಮಾಡೋದು ಎಷ್ಟು ನಿಮಿಷ? ಸಾಲಾಗಿ ನಿಂತು ಗಾಳಿಗೆ ಪಂಚ್ ಹೊಡಿಯೋದರಾಗ ಐವತ್ತು ನಿಮಿಷ ಹೋದ್ರ ಅದು ಡ್ರಿಲ್ ಆತು. ಜೋಡಿ ಕೆಲಸದಾಗ ಎದುರಿನಾಂವ ಮೊದಲ ನಿಧಾನ ಇದ್ದು, ಆಮ್ಯಾಲೆ ಮೆಲ್ಲಕ ಜೋರು ಹೆಚ್ಚಿಗಿ ಮಾಡಿ, ಕೊನೀಗೆ ಖರೇ ಆಡಬೇಕು. ಆಮ್ಯಾಲೆ ಸೀನಿಯರ್‌ಗಳು ಸಣ್ಣವರ ಜೋಡಿ ಹೆಂಗ ಆಡ್ತಾರ ನೋಡ್ರಿ, ಇದು ಎಲ್ಲಾಕಿಂತ ಮುಖ್ಯ. ಬ್ರೌನ್ ಬೆಲ್ಟಿನಾಂವ ಹೊಸದಾಗಿ ಬಂದ ಹುಡುಗನ್ನ ಜೋರಾಗಿ ಹೊಡದು ನಕ್ಕು ಹೋದ್ರ, ಮಾಸ್ಟರ್ ಅದನ್ನ ನೋಡಿ ಸುಮ್ನ ಇದ್ರ, ಆ ಕ್ಲಾಸಿನ ಗುಣ ಏನಂತ ಅಲ್ಲೇ ಗೊತ್ತಾಗತೈತಿ.

ನೆಲ ನೋಡ್ರಿ. ಸಿಮೆಂಟ್ ಇಲ್ಲಾ ಟೈಲ್ಸಿನ ಮ್ಯಾಲೆ ಒದಿಯೋದು ಪಂಚು ನಡೀತೈತಿ, ಆದ್ರ ಎತ್ತಿ ಒಗಿಯೋದು ಅಲ್ಲಿ ಮಾಡಸೋಹಂಗಿಲ್ಲ, ದಪ್ಪ ಮ್ಯಾಟ್ ಬೇಕ ಬೇಕು. ನೀರು ಕುಡಿಯಾಕ ಬಿಡ್ತಾರೇನು ನೋಡ್ರಿ, ಏಪ್ರಿಲ್ ಮೇ ಬಿಸಲಾಗ ನೀರು ಕೊಡದ ಶಿಸ್ತು ಕಲಸ್ತೀವಿ ಅನ್ನೋದು ಅಪಾಯ.

ಕಾಲು ಅಗಲಸಾಕ ಹುಡುಗರ ಬೆನ್ನ ಮ್ಯಾಲೆ ಕುಂದ್ರೋದು, ಇಬ್ಬರು ಎರಡೂ ಕಡೆ ನಿಂತು ಒತ್ತೋದು, ಇದನ್ನ ಕಂಡ್ರ ಆ ಕ್ಲಾಸ್ ಬಿಡ್ರಿ. ಬೆಳಿಯೋ ಮಕ್ಕಳ ತೊಡಿಸಂದಿನ ಸ್ನಾಯು ಹರೀತೈತಿ, ಎಲುಬಿಗೆ ಸ್ನಾಯು ಅಂಟಿದ ಜಾಗಾ ಕಿತ್ತು ಬರೋದೂ ಐತಿ, ತಿಂಗಳಗಟ್ಟಲೆ ವಾಸಿ ಆಗಂಗಿಲ್ಲ. ಸ್ಪ್ಲಿಟ್ ಅನ್ನೋದು ಬೆಚ್ಚಗಾದ ಮೈಯಿಂದ, ತಾನ ತಾನ, ವಾರ ವಾರ ಸ್ವಲ್ಪ ಸ್ವಲ್ಪ ಬರಬೇಕು. ಹಂಗ ಗ್ಯಾದರಿಂಗಿನಾಗ ಎದಿ ಮ್ಯಾಲೆ ಹಂಚು ಒಡಿಯೋದು, ಹೊಟ್ಟಿ ಮ್ಯಾಲೆ ಬೈಕ್ ಹತ್ತಸೋದು, ಟ್ಯೂಬ್‌ಲೈಟ್ ಒಡಿಯೋದು, ಇವುಗಳನ್ನ ಮಕ್ಕಳಿಂದ ಮಾಡಸೋ ಮಾಸ್ಟರ್ ಹತ್ರ ಕಳಸಬ್ಯಾಡ್ರಿ. ಅದರಾಗ ವಿದ್ಯೆ ಇಲ್ಲ, ಗಾಜಿನ ಚೂರು ಕಣ್ಣಾಗ ಹೋದ್ರ ಹೊಣಿ ಹೊರೋರು ಯಾರೂ ಇರಂಗಿಲ್ಲ.

ನಾಕನೇದ್ದು: ಬೆಲ್ಟು, ರೊಕ್ಕ, ಸರ್ಟಿಫಿಕೇಟು

ತಿಂಗಳ ಫೀ ಒಂದ ಕೇಳಿ ಬರಬ್ಯಾಡ್ರಿ, ವರ್ಷದ ಲೆಕ್ಕ ಹಾಳಿ ಮ್ಯಾಲೆ ಬರಸ್ಕೋರಿ: ಅಡ್ಮಿಶನ್, ಡ್ರೆಸ್, ಗ್ರೇಡಿಂಗ್ ಫೀ ವರ್ಷಕ್ಕ ಎಷ್ಟು ಸಲ, ಬೆಲ್ಟಿಗೆ ಬ್ಯಾರೆ ರೊಕ್ಕನಾ, ಟೂರ್ನಮೆಂಟ್ ಎಂಟ್ರಿ, ಕ್ಯಾಂಪು, ಅಸೋಸಿಯೇಷನ್ ಮೆಂಬರ್‌ಶಿಪ್ಪು. ಭಾಳ ಕಡೆ ತಿಂಗಳ ಫೀ ಕಮ್ಮಿ ಇದ್ದು ಉಳಿದದ್ದರಾಗ ಅದಕ್ಕಿಂತ ಜಾಸ್ತಿ ಹೋಗತೈತಿ.

ಬೆಲ್ಟ್ ಅನ್ನೋದು ಕಲಿಯೋರಿಗೆ ಹುರುಪು ಕೊಡೋ ವ್ಯವಸ್ಥಾ, ಕಾನೋ ಜೂಡೋದಾಗ ದಾನ್, ಅಂದ್ರ ಬ್ಲ್ಯಾಕ್ ಬೆಲ್ಟಿನ ದರ್ಜೆ, ಶುರು ಮಾಡಿದ್ರು, ಫುನಾಕೋಶಿ 1924ರಾಗ ಕರಾಟೆಗೆ ಬ್ಲ್ಯಾಕ್ ಬೆಲ್ಟ್ ತಂದ್ರು. ವಾರಕ್ಕ ಮೂರು ದಿನ ಹೋಗೋ ಹುಡುಗಗ ಕರಾಟೆ ಇಲ್ಲಾ ಟೇಕ್ವಾಂಡೋದಾಗ ಬ್ಲ್ಯಾಕ್ ಬೆಲ್ಟ್ ಬರಾಕ ನಾಕೈದು ವರ್ಷ ಆಗೋದು ಸಹಜ, ಬ್ರೆಜಿಲಿಯನ್ ಜಿಯು ಜಿತ್ಸುದಾಗ ಹತ್ತರ ಸುಮಾರು. ಎರಡು ವರ್ಷದಾಗ ಗ್ಯಾರಂಟಿ ಬ್ಲ್ಯಾಕ್ ಬೆಲ್ಟ್ ಅಂದ್ರ ಅಲ್ಲಿ ಬೆಲ್ಟ್ ಮಾರಾಟಕ್ಕ ಐತಿ ಅಂತ ತಿಳ್ಕೋರಿ. ಟೇಕ್ವಾಂಡೋದಾಗ ಕೊರಿಯಾದ ಸಿಯೋಲ್ ಊರಿನ ಕುಕ್ಕಿವಾನ್ ಸಂಸ್ಥಾದ ಸರ್ಟಿಫಿಕೇಟ್ ಅಂತ ಇರತೈತಿ, ಹದಿನೈದು ವರ್ಷದೊಳಗಿನವರಿಗೆ ಅವರು ದಾನ್ ಕೊಡಂಗಿಲ್ಲ, ಪೂಮ್ ಅಂತ ಕೊಡ್ತಾರ, ಆ ಬೆಲ್ಟು ಅರ್ಧ ಕೆಂಪು ಅರ್ಧ ಕರಿ. ಹತ್ತು ವರ್ಷದ ಹುಡುಗಗ ಕುಕ್ಕಿವಾನ್ ಬ್ಲ್ಯಾಕ್ ಬೆಲ್ಟ್ ಫಸ್ಟ್ ದಾನ್ ಅಂದ್ರ ಹಾಳಿ ತೋರ್ಸ್ರಿ ಅನ್ರಿ. ಮಾಸ್ಟರ್ ಗೋಡಿ ಮ್ಯಾಲೆ ಎಷ್ಟು ಟ್ರೋಫಿ ಅದಾವ ಅನ್ನೋಕಿಂತ ಅವರು ಯಾರ ಹತ್ರ ಕಲ್ತಾರ, ಎಷ್ಟು ವರ್ಷ ಕಲ್ತಾರ, ಈಗೂ ಕಲೀತಾರೇನು ಅಂತ ಕೇಳ್ರಿ. ಒಂದ ಬೋರ್ಡಿನ ಮ್ಯಾಲೆ ಆರು ಸ್ಟೈಲ್ ಬರದಿದ್ರ ಅದರಾಗ ನಿಮ್ಮ ಮೂಲ ವಿದ್ಯೆ ಯಾವುದ್ರಿ ಸರ್ ಅಂತ ಮರ್ಯಾದಿಯಿಂದ ಕೇಳ್ರಿ, ತಿಳಿದವರಿಗೆ ಇದರಿಂದ ಸಿಟ್ಟು ಬರಂಗಿಲ್ಲ.

ಹುಡುಗ್ಯಾರಿಗೆ, ಸಣ್ಣವರಿಗೆ, ವಯಸ್ಸಾದವರಿಗೆ

ಒಂದು ದಿನದ ವರ್ಕ್‌ಶಾಪಿನಾಗ ಕೈ ಬಿಡಿಸ್ಕೊಳ್ಳೋದು ಗೊತ್ತಾಗತೈತಿ, ಆದ್ರ ಖರೇ ಹೆದರಿಕಿ ಬಂದಾಗ ಆ ಕೈ ಓಡಂಗಿಲ್ಲ, ಅದಕ್ಕ ತಿಂಗಳಗಟ್ಟಲೆ ವಿರೋಧ ಮಾಡೋ ಜೋಡಿ ಬೇಕು. ಸರ್ಕಾರಿ ಸಾಲಿಯಾಗ ಆರರಿಂದ ಹನ್ನೆರಡನೇ ತರಗತಿ ಹುಡುಗ್ಯಾರಿಗೆ ಸಮಗ್ರ ಶಿಕ್ಷಾದಾಗ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಐತಿ, ನಿಮ್ಮ ಸಾಲಿಯಾಗ ನಡೀತೈತೇನು ಅಂತ ಹೆಡ್ ಮಾಸ್ತರಿಗೆ ಕೇಳ್ರಿ, ಅದು ಮುಗದ ಮ್ಯಾಲೆ ಅಲ್ಲಿಗೆ ಬಿಡದ ಜೂಡೋ, ಕುಸ್ತಿ, ಬಾಕ್ಸಿಂಗ್ ಯಾವುದರ ಒಂದಕ್ಕ ಹಾಕ್ರಿ. ತಂಗಿ ಒಬ್ಬಾಕಿನ ಇದ್ರ ಸಂಕೋಚ ಪಡ್ತಾಳ, ಗೆಳತ್ಯಾರನ್ನ ಕೂಡಿಸಿ ಹೋದ್ರ ಬಿಡಂಗಿಲ್ಲ. ಜೋರಾಗಿ ಕೂಗೋದು, ಓಡೋದು, 112ಕ್ಕ ಫೋನ್ ಹಚ್ಚೋದು, ಇವು ಮೂರೂ ವಿದ್ಯೆದಾಗಿನ ಪಾಠನ.

ಕಾನೂನೂ ಒಂದು ಮಾತು ತಿಳ್ಕೊಂಡಿರ್ರಿ. ಭಾರತೀಯ ನ್ಯಾಯ ಸಂಹಿತೆ 34ರಿಂದ 44ರ ತನಕದ ಕಲಂಗಳು ತನ್ನನ್ನ, ಬ್ಯಾರೆಯವರನ್ನ ರಕ್ಷಿಸ್ಕೊಳ್ಳೋ ಹಕ್ಕು ಕೊಡ್ತಾವ, ಆದ್ರ ರಕ್ಷಣೆಗೆ ಎಷ್ಟು ಬೇಕೋ ಅಷ್ಟ. ಓಡಿ ಹೋಗಾವನ್ನ ಬೆನ್ನಟ್ಟಿ ಹೊಡದ್ರ ಅದು ರಕ್ಷಣೆ ಅನಿಸ್ಕೊಳ್ಳಂಗಿಲ್ಲ.

ಐದು ಆರು ವರ್ಷದ ಮಕ್ಕಳಿಗೆ ಆಟ, ಉರುಳೋದು, ಬೀಳೋದು, ಅಷ್ಟು ಸಾಕು, ತಲಿಗೆ ಏಟು ಬೀಳೋ ಯಾವ ಸ್ಪಾರಿಂಗೂ (ಜೋಡಿ ಹೊಡದಾಟದ ಅಭ್ಯಾಸ) ಬ್ಯಾಡ. ಹೆಡ್‌ಗಾರ್ಡ್ ಹಾಕ್ಯಾರಲ್ಲ ಅಂತ ಧೈರ್ಯ ಮಾಡಬ್ಯಾಡ್ರಿ, ಅದು ಚರ್ಮ ಸೀಳೋದನ್ನ ಕಮ್ಮಿ ಮಾಡತೈತಿ, ಒಳಗ ಮೆದುಳು ಅಲುಗೋದನ್ನ ತಡಿಯಂಗಿಲ್ಲ. ಏಟು ಬಿದ್ದ ಮ್ಯಾಲೆ ತಲಿ ನೋವು, ವಾಂತಿ, ಮಾತು ತೊದಲೋದು, ಮಂಕು ಕಂಡ್ರ ಅವತ್ತ ಆಟ ಬಂದ್, ಡಾಕ್ಟರ್ ಹೇಳೋತನಕ ತಿರುಗಿ ಇಳಸಬ್ಯಾಡ್ರಿ, ಮೊದಲನೇದ್ದು ವಾಸಿ ಆಗೋಕಿಂತ ಮೊದಲ ಎರಡನೇ ಏಟು ಬಿದ್ರ ಜೀವಕ್ಕ ಕುತ್ತು. ಹಂಗ ತೂಕ ಇಳಸೋದು: ಟೂರ್ನಮೆಂಟಿಗೆ ಒಂದು ವೇಟ್ ಕೆಳಗ ಆಡಸಾಕ ಹುಡುಗೂರಿಗೆ ನೀರು ಬಿಡಿಸಿ, ಸ್ವೆಟರ್ ಹಾಕಿ ಓಡಸ್ತಾರ. 1997ರಾಗ ಅಮೆರಿಕಾದಾಗ ಹಿಂಗ ತೂಕ ಇಳಸಾಕ ಹೋಗಿ ಮೂರು ಮಂದಿ ಕಾಲೇಜ್ ಕುಸ್ತಿ ಹುಡುಗರು ಸತ್ತಾರ. ಬೆಳಿಯೋ ಹುಡುಗ ತನ್ನ ತೂಕದಾಗನ ಆಡಲಿ.

ನಲವತ್ತರ ಆಚೆ ಇದ್ದವರು ಬಿಪಿ, ಹೃದಯ, ಮೊಣಕಾಲು ತೋರ್ಸ್ಕೊಂಡು ಬರ್ರಿ. ಬಾಕ್ಸಿಂಗ್ ಬ್ಯಾಗ್ ಹೊಡಿಯೋದು, ಕರಾಟೆ ಕಾತಾ ನಿಮಗ ಭಾಳ ಚೊಲೊ, ಸ್ಪಾರಿಂಗ್ ಬೇಕಂದ್ರ ನಿಮ್ಮ ವಾರಿಗಿಯವರ ಜೋಡಿ ಮೆಲ್ಲಕ.

ಐದನೇದ್ದು: ಮೊದಲ ಮೂರು ತಿಂಗಳು

ಒಂದು ತಿಂಗಳ ಫೀ ಅಷ್ಟ ಕಟ್ರಿ, ವರ್ಷದ್ದು ಒಮ್ಮೆಕ ಕಟ್ಟಿದ್ರ ಡಿಸ್ಕೌಂಟ್ ಅಂದ್ರೂ ಬ್ಯಾಡ. ಸಾಮಾನೂ ತಗೋಬ್ಯಾಡ್ರಿ, ಟೀ ಶರ್ಟು, ಟ್ರ್ಯಾಕ್ ಪ್ಯಾಂಟು, ಕತ್ತರಿಸಿದ ಉಗುರು ಇದ್ರ ಸಾಕು. ಗಟ್ಟಿ ಆತಂದ ಮ್ಯಾಲೆ ಮೊದಲ ತಗೊಳ್ಳೋದು ಮೌತ್‌ಗಾರ್ಡು, ಬಿಸಿ ನೀರಿನ್ಯಾಗ ಹಾಕಿ ಹಲ್ಲಿಗೆ ಅಚ್ಚು ಮಾಡ್ಕೊಳ್ಳೋದು ಸಿಗತೈತಿ. ಬಾಕ್ಸಿಂಗಿಗೆ ಕೈಗೆ ಸುತ್ತೋ ಪಟ್ಟಿ ಅಂದ್ರ ಹ್ಯಾಂಡ್ ರ‍್ಯಾಪ್ ಮೊದಲ, ಗ್ಲೌಸ್ ಆಮ್ಯಾಲೆ; ಬ್ಯಾಗಿಗೆ 12 ಔನ್ಸ್, ದೊಡ್ಡವರು ಸ್ಪಾರಿಂಗ್ ಮಾಡಾಕ 16 ಔನ್ಸ್. ಕುಸ್ತಿ, ಜೂಡೋ ಮುಗಿಸಿ ಬಂದ ಕೂಡಲೇ ಸಾಬೂನು ಹಚ್ಚಿ ಜಳಕ ಮಾಡ್ರಿ, ಗಜಕರ್ಣ ಬರೋದು ಒಬ್ಬರಿಂದ ಒಬ್ಬರಿಗೆ ಹಿಂಗ. ಕಿವಿ ಬಾತ್ರ ಎರಡು ಮೂರು ದಿನದಾಗ ಡಾಕ್ಟರಿಗೆ ತೋರ್ಸ್ರಿ, ಬಿಟ್ರ ಪೈಲ್ವಾನರ ಕಿವಿಯಂಗ ಗಡ್ಡಿ ಕಟ್ಟಿ ಹಂಗ ಉಳೀತೈತಿ.

ದೂರದ ಲೆಕ್ಕ ಹಗುರ ಮಾಡಬ್ಯಾಡ್ರಿ. ಧಾರವಾಡದವರು ಹುಬ್ಬಳ್ಳಿಯ ದೊಡ್ಡ ಕ್ಲಾಸಿಗೆ ಚಿಗರಿ ಬಸ್ ಹತ್ತಿ ಮೊದಲ ತಿಂಗಳು ಹುರುಪಿನಿಂದ ಹೋಗ್ತಾರ, ಮಳಿ ಹಿಡೀತಂದ್ರ ಒಂದು ದಿನ ಬಿಡ್ತಾರ, ಪರೀಕ್ಷಾ ಬಂತಂದ್ರ ಪೂರ್ತಿ ಬಿಡ್ತಾರ. ಮನಿಯಿಂದ ಹದಿನೈದು ಇಪ್ಪತ್ತು ನಿಮಿಷದಾಗ ಮುಟ್ಟೋ ಸಾಧಾರಣ ಕ್ಲಾಸು, ವಾರಕ್ಕ ಮೂರು ದಿನ, ಅದ ನಿಮ್ಮನ್ನ ಮುಂದ ಒಯ್ಯತೈತಿ. ಹತ್ರ ಏನೂ ಇಲ್ಲದ ಹಳ್ಳಿಯವರು ಯೂಟ್ಯೂಬ್ ನೋಡಿ ಹಗ್ಗ ಜಿಗಿಯೋದು, ಹೆಜ್ಜಿ, ಶ್ಯಾಡೋ (ಎದುರಾಳಿ ಅದಾನಂತ ತಿಳಕೊಂಡು ಗಾಳಿಗೆ ಹೊಡಿಯೋದು), ದಂಡ ಬೈಠಕ್ ಮಾಡಬಹುದು, ಆದ್ರ ಎತ್ತಿ ಒಗಿಯೋದು, ಕುತ್ತಿಗಿ ಹಿಡಿಯೋದನ್ನ ವಿಡಿಯೋ ನೋಡಿ ತಮ್ಮನ ಮ್ಯಾಲೆ ಪ್ರಯೋಗ ಮಾಡಬ್ಯಾಡ್ರಿ.

ಮೂರು ತಿಂಗಳ ಆದ ಮ್ಯಾಲೆ ಹುಡುಗಗ ಕೇಳ್ರಿ, ಹಿಂದಕ್ಕ ಬಿದ್ದಾಗ ತಲಿ ಹೆಂಗ ಉಳಿಸ್ಕೋತಿ ತೋರ್ಸು, ಕೈ ಹಿಡಿದ್ರ ಹೆಂಗ ಬಿಡಿಸ್ಕೋತಿ ತೋರ್ಸು ಅಂತ, ನೀವ ಹಿಡೀರಿ, ಸ್ವಲ್ಪ ಜೋರಾಗೇ ಹಿಡೀರಿ. ಏನೂ ಬರದ ಇದ್ರ, ಇಲ್ಲಾ ಕ್ಲಾಸಿನ ದಿನ ಹೊಟ್ಟಿ ನೋವಂತ ಮಲಗಾಕ ಶುರು ಮಾಡಿದ್ರ, ಹುಡುಗನ್ನ ಬೈಯೋಕಿಂತ ಮೊದಲ ಇನ್ನೊಂದು ಸಲ ಹೇಳದ ಹೋಗಿ ಮೂಲ್ಯಾಗ ಕುಂತು ನೋಡ್ರಿ, ಬೇಕಾದ್ರ ಕ್ಲಾಸ್ ಬದಲಿ ಮಾಡ್ರಿ.

ಚೊಲೊ ಬರಾಕತ್ತಿದ್ರ, ಆಸೆನೂ ಇದ್ರ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಆಫೀಸಿಗೆ ಹೋಗಿ ಕ್ರೀಡಾ ವಸತಿ ನಿಲಯದ ಸೆಲೆಕ್ಷನ್ ಟ್ರಯಲ್ಸ್ ಯಾವಾಗ, ಯಾವ ಆಟಕ್ಕ, ಎಷ್ಟನೇ ತರಗತಿಯವರಿಗೆ ಅಂತ ಬರಸ್ಕೊಂಡು ಬರ್ರಿ. ಧಾರವಾಡದಾಗ ಭಾರತೀಯ ಕ್ರೀಡಾ ಪ್ರಾಧಿಕಾರದ (SAI) ಟ್ರೇನಿಂಗ್ ಸೆಂಟರೂ ಐತಿ, ಅಲ್ಲೂ ಕೇಳ್ರಿ. ಹೋಗುವಾಗ ಹುಡುಗನ ಜನ್ಮ ದಾಖಲೆ, ಆಧಾರ್, ಸಾಲಿ ಸರ್ಟಿಫಿಕೇಟು, ಆಡಿದ ಟೂರ್ನಮೆಂಟಿನ ಹಾಳಿಗಳ ಝೆರಾಕ್ಸ್ ಒಂದು ಫೈಲಿನಾಗ ಹಾಕ್ಕೊಂಡು ಹೋಗ್ರಿ, ಜನ್ಮ ದಿನಾಂಕ ಎಲ್ಲಾದರಾಗೂ ಒಂದ ಐತೇನು ಅಂತ ಮನಿಯಾಗ ನೋಡ್ಕೊಂಡ ಹೊರಡ್ರಿ, ಟ್ರಯಲ್ಸ್ ದಿನ ವಯಸ್ಸಿನ ದಾಖಲೆ ಹೊಂದಲಿಲ್ಲಂದ್ರ ಮ್ಯಾಟಿನ ತನಕ ಬಿಡಂಗಿಲ್ಲ.